ಆಸ್ಪತ್ರೆಯೊಳಗೊಂದು ಕೇರಿ

ಊರಿಗೊಂದು ಕೇರಿ ಇರುವ ಹಾಗೆ ಈ ದೇಶದ ಆಸ್ಪತ್ರೆಗೂ ಒಂದು ಕೇರಿ ಇದೆ. ಊರಿನ ಕೇರಿ ಬಸ್ಸಿನಿಂದ ಇಳಿದವನಿಗೇ ಕಾಣುತ್ತದೆ. ಆಸ್ಪತ್ರೆಯ ಕೇರಿ ಹಾಗಲ್ಲ, ಅದು ಇಂಜಿನಿಯರರ ನಕ್ಷೆಯಲ್ಲಿ ಗೆರೆ ಗೆರೆಯ ನಡುವೆ ಅವಿತು ಕೂತಿರುತ್ತದೆ. ಅದನ್ನು ಕಾಣಬೇಕಾದರೆ ಮುಂಬಾಗಿಲಿನಿಂದ ಹೋಗಬಾರದು, ಹಿತ್ತಿಲಿನಿಂದ ಹೋಗಬೇಕು. ನಮ್ಮವರು ತಲೆತಲಾಂತರದಿಂದ ಹೋದದ್ದು ಹಾಗೆಯೇ, ಆದ್ದರಿಂದ ನಮಗೆ ದಾರಿ ಗೊತ್ತು.

ನಮ್ಮ ತಾಲ್ಲೂಕಿಗೆ ಹೊಸ ಆಸ್ಪತ್ರೆ ಕಟ್ಟಡ ಮಂಜೂರಾಯಿತು. ಶಾಸಕರ ಫೋಟೋ ಹಾಕಿದ ಫ್ಲೆಕ್ಸು ಮೊದಲು ಬಂತು, ಜಲ್ಲಿ ಮರಳು ಆಮೇಲೆ ಬಂತು. ನಾವು ನಾಲ್ಕು ಜನ, ಇಬ್ಬರು ಮೇಷ್ಟ್ರು, ಕಾನೂನು ಓದುವ ಒಬ್ಬ ಹುಡುಗ, ಗಾರೆ ಕೆಲಸ ಮಾಡುವ ಒಬ್ಬ ಗೆಳೆಯ, ಮಾಹಿತಿ ಹಕ್ಕಿನ ಅರ್ಜಿ ಹಿಡಿದು ಇಂಜಿನಿಯರ್ ಕಚೇರಿಗೆ ಹೋದೆವು. ನಕ್ಷೆಯನ್ನು ಮೇಜಿನ ಮೇಲೆ ಹರಡಿದರು. ಓದು ಕಲಿತ ನಮಗೆ ಅದು ಚಿತ್ತಾರದ ಹಾಗೆ ಕಂಡಿತು. ಗಾರೆಯವನಿಗೆ ಮಾತ್ರ ಅದು ಮನೆಯ ಹಾಗೆ ಕಂಡಿತು. ಅವನು ಬೆರಳಿಟ್ಟುಕೊಂಡು ಬಾಗಿಲಿನಿಂದ ಒಳಗೆ ಹೋದ, ಹೊರರೋಗಿ ವಿಭಾಗ ದಾಟಿದ, ಹೆರಿಗೆ ವಾರ್ಡು ನೋಡಿದ, ಆಪರೇಷನ್ ಕೋಣೆಯ ಸುತ್ತ ಒಂದು ಸುತ್ತು ಬಂದ, ಔಷಧಿ ಉಗ್ರಾಣ, ಜನರೇಟರ್ ಕೋಣೆ, ಆಕ್ಸಿಜನ್ ಸಿಲಿಂಡರ್ ಇಡುವ ಜಾಗ ಎಲ್ಲ ಮುಟ್ಟಿ ಹಿಂಬದಿಗೆ ಬಂದು ನಿಂತ.

'ಸಾ, ಕಸ ಗುಡಿಸೋರು ಎಲ್ಲಿ ಕೂರ್ತಾರೆ?' ಎಂದು ಕೇಳಿದ.

ಇಂಜಿನಿಯರರು ಬಹಳ ಹೊತ್ತು ನಕ್ಷೆ ನೋಡಿದರು. ಕೆಟ್ಟ ಮನುಷ್ಯರಲ್ಲ ಅವರು, ಟೀ ತರಿಸಿದ್ದರು. ಆಮೇಲೆ ಹೇಳಿದರು: 'ಅವರು ಕಂಟ್ರಾಕ್ಟಿನೋರಲ್ವಾ, ಸಿಬ್ಬಂದಿ ಪಟ್ಟೀಲಿ ಬರಲ್ಲ. ಪಟ್ಟೀಲಿ ಇಲ್ಲದೋರಿಗೆ ಜಾಗ ತೋರ್ಸೋಕಾಗಲ್ಲ.'

ಆ ನಕ್ಷೆಯಲ್ಲಿ ಡಾಕ್ಟರ ಕಾರಿಗೆ ನೆರಳಿತ್ತು.

ಈಗಿರುವ ಹಳೇ ಆಸ್ಪತ್ರೆಯಲ್ಲಿ ಹದಿನೆಂಟು ವರ್ಷದಿಂದ ನೆಲ ಒರೆಸುವ ಒಬ್ಬ ಅಕ್ಕ ಇದ್ದಾರೆ. ಅವರು ಮಧ್ಯಾಹ್ನದ ಬುತ್ತಿ ಬಿಚ್ಚುವುದು ಮೆಟ್ಟಿಲ ಕೆಳಗೆ, ಬ್ಲೀಚಿಂಗ್ ಪುಡಿಯ ಡ್ರಮ್ಮು ಮತ್ತು ಕೆಟ್ಟುಹೋದ ಸ್ಟ್ರೆಚರಿನ ನಡುವೆ. ಸೀರೆ ಬದಲಿಸುವುದೂ ಅಲ್ಲೇ, ಒಂದು ಬೆಡ್‌ಷೀಟು ಅಡ್ಡ ಕಟ್ಟಿಕೊಂಡು. ಹೊಸ ಕಟ್ಟಡ ಬರುತ್ತದಲ್ಲಕ್ಕ ಎಂದರೆ ನಕ್ಕರು. 'ಬರಲಿ ಬುಡಿ, ಅದ್ಕೂ ಮೆಟ್ಲು ಇರ್ತದಲ್ಲ' ಎಂದರು.

ಈ ಮಾತನ್ನು ಇಟ್ಟುಕೊಂಡು ನಾವು ಒಂದಷ್ಟು ಓದಿದೆವು, ಒಂದಷ್ಟು ತಿರುಗಾಡಿ ನೋಡಿದೆವು. ಕಟ್ಟಡ ಅಂದರೆ ಇಟ್ಟಿಗೆ ಸಿಮೆಂಟು, ಅದಕ್ಕೆಂಥ ಜಾತಿ ಎಂದು ಕೇಳುವ ಗೆಳೆಯರು ನಮ್ಮಲ್ಲೂ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇವೆ.

ಮೊದಲು ಒಂದು ಥರ್ಮಾಮೀಟರಿನ ಕತೆ. ಇದನ್ನು ನಮ್ಮ ಹುಡುಗರು ಬಾಯಿಪಾಠ ಮಾಡಬೇಕು. ಕಾಠಿಯಾವಾಡದ ಒಬ್ಬ ದಲಿತ ಶಾಲಾ ಮಾಸ್ತರರ ಹೆಂಡತಿ ಹೆತ್ತು ಎರಡು ದಿನಕ್ಕೆ ಕಾಯಿಲೆ ಬಿದ್ದರು. ಡಾಕ್ಟರು ಕೇರಿಯೊಳಗೆ ಬರುವುದಿಲ್ಲ ಎಂದ. ಊರಿನ ದೊಡ್ಡವರ ಕೈಕಾಲು ಹಿಡಿದು, ಎರಡು ರೂಪಾಯಿ ಫೀಜು ಕೊಟ್ಟು ಕರೆದುಕೊಂಡು ಬಂದರು. ಆಗಲೂ ಷರತ್ತು: ಬಾಣಂತಿಯನ್ನು ಕೇರಿಯಿಂದ ಹೊರಗೆ ತರಬೇಕು. ತಂದರು. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ, ಆತ ಮಾಸ್ತರರಿಗೆ ಕೊಟ್ಟರು, ಮಾಸ್ತರರು ಹೆಂಡತಿಗೆ ಇಟ್ಟರು. ತಿರುಗಿ ಅದೇ ದಾರಿಯಲ್ಲಿ ಡಾಕ್ಟರ ಕೈಗೆ ಬಂತು. ದೀಪದ ಬೆಳಕಿನಲ್ಲಿ ನೋಡಿ ನ್ಯುಮೋನಿಯಾ ಎಂದು ಹೇಳಿ ಹೊರಟುಹೋದ. ಆ ತಾಯಿ ಉಳಿಯಲಿಲ್ಲ. ಆ ಮಾಸ್ತರರ ಕಾಗದ 1929ರ ಡಿಸೆಂಬರಿನಲ್ಲಿ ಗಾಂಧಿಯವರ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾಯಿತು. ಬಾಬಾಸಾಹೇಬರು ತಮ್ಮ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅದನ್ನು ಎತ್ತಿ ತೋರಿಸಿದರು.

ಆ ಥರ್ಮಾಮೀಟರು ನಡೆದ ದಾರಿಯನ್ನು ಒಂದು ಹಾಳೆಯ ಮೇಲೆ ಬರೆದು ನೋಡಿ. ಡಾಕ್ಟರಿಂದ ಮಧ್ಯಸ್ಥನಿಗೆ, ಮಧ್ಯಸ್ಥನಿಂದ ಗಂಡನಿಗೆ, ಗಂಡನಿಂದ ರೋಗಿಗೆ. ನಡುವೆ ಎಷ್ಟು ಅಡಿ ದೂರ, ಯಾರು ಎಲ್ಲಿ ನಿಲ್ಲಬೇಕು, ಯಾರು ಯಾವ ಗಡಿ ದಾಟಬಾರದು. ಅದೂ ಒಂದು ನಕ್ಷೆಯೇ. ಗೋಡೆ ಕಟ್ಟದೆಯೇ ಕಟ್ಟಿದ ಆಸ್ಪತ್ರೆ ಅದು. ಇವತ್ತು ಅದಕ್ಕೆ ಗೋಡೆ ಕಟ್ಟಿದ್ದಾರೆ, ಟೈಲ್ಸು ಹಾಕಿದ್ದಾರೆ, ಅಷ್ಟೇ ವ್ಯತ್ಯಾಸ.

ಈ ದೇಶದಲ್ಲಿ ಕಟ್ಟಡಶಾಸ್ತ್ರ ಎಂಬುದು ಹುಟ್ಟಿದ್ದೇ ಜಾತಿಯ ಹೊಟ್ಟೆಯಲ್ಲಿ. ವಾಸ್ತುವಿನ ಹಳೇ ಗ್ರಂಥಗಳು ಬಿಳಿ ಮಣ್ಣು ಬ್ರಾಹ್ಮಣನಿಗೆ, ಕೆಂಪು ಕ್ಷತ್ರಿಯನಿಗೆ, ಹಳದಿ ವೈಶ್ಯನಿಗೆ, ಕಪ್ಪು ಶೂದ್ರನಿಗೆ ಎಂದು ಹಂಚಿವೆ. ನಮಗೆ ಮಣ್ಣಿನ ಬಣ್ಣವೇ ಇಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ಚಂಡಾಲನಿಗೆ ಗೊತ್ತುಮಾಡಿದ ಜಾಗ ಸ್ಮಶಾನದ ಅಂಚು. ನೀವು ನಿಮ್ಮ ಜಿಲ್ಲೆಯ ದೊಡ್ಡಾಸ್ಪತ್ರೆಗೆ ಹೋಗಿ ಶವಾಗಾರ ಎಲ್ಲಿದೆ, ಜಾಡಮಾಲಿಗಳು ಕೂರುವುದು ಎಲ್ಲಿ ಎಂದು ನೋಡಿ ಬನ್ನಿ. ಕೌಟಿಲ್ಯ ಸತ್ತಿದ್ದಾನೆ ಎಂದು ಯಾರು ಹೇಳಿದ್ದು?

ಬೆಂಗಳೂರಿನ ಬುದ್ಧಿವಂತರು ಹೆಮ್ಮೆಯಿಂದ ಹೇಳಿಕೊಳ್ಳುವ ಮಲ್ಲೇಶ್ವರ, ಬಸವನಗುಡಿಗಳನ್ನೇ ನೋಡಿ. 1890ರ ದಶಕದಲ್ಲಿ ಹಾಕಿದ ಬಡಾವಣೆಗಳು. 1898ರಲ್ಲಿ ಪ್ಲೇಗು ಬಂದ ಮೇಲೆ, ಪೇಟೆಯ ಇಕ್ಕಟ್ಟಿನಿಂದ ತಪ್ಪಿಸಿಕೊಳ್ಳಲು ಜನ ಅಲ್ಲಿಗೆ ಹೋದರು. ಆರೋಗ್ಯಕ್ಕಾಗಿ ಬೆಳೆದ ಊರು ಎನ್ನಬಹುದು. ಅಗಲ ರಸ್ತೆ, ಗಾಳಿ, ಬೆಳಕು, ಮರ. ಜಾತಿಗೊಂದು ಬ್ಲಾಕು ಮಾಡಿ ಸೈಟು ಹಂಚಿದರು. ಮನೆಗಳ ಹಿಂಬದಿಗೆ ಒಂದು ಸಣ್ಣ ಓಣಿ ಬಿಟ್ಟರು, ಅದರ ಹೆಸರು ಕನ್ಸರ್ವೆನ್ಸಿ ಲೇನು. ಮಲ ಹೊರುವವರು ಮುಂಬಾಗಿಲ ಮುಂದೆ ಸುಳಿಯದಂತೆ, ಮನೆಯವರ ಕಣ್ಣಿಗೆ ಬೀಳದಂತೆ ಬಂದು ಹೋಗಲಿ ಎಂದು ನಕ್ಷೆಯಲ್ಲೇ ಬರೆದಿಟ್ಟ ದಾರಿ. ಪ್ಲೇಗಿನ ಇಲಿಯಿಂದ ತಪ್ಪಿಸಿಕೊಂಡವರು ನಮ್ಮಿಂದಲೂ ತಪ್ಪಿಸಿಕೊಂಡರು. 1970ರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ತಲೆಯಿಂದ ಬುಟ್ಟಿ ಇಳಿಯಿತು. ಓಣಿ ಮಾತ್ರ ಉಳಿಯಿತು. ಉಳಿದದ್ದಷ್ಟೇ ಅಲ್ಲ, ಆಸ್ಪತ್ರೆಯೊಳಗೆ ಬಂದು ಸೇರಿಕೊಂಡಿತು. ಈಗ ಅದರ ಹೆಸರು ಸರ್ವಿಸ್ ಕಾರಿಡಾರು.

ಈ ಸರ್ವಿಸ್ ಎಂಬ ಮಾತಿಗೆ ಒಂದು ದೊಡ್ಡ ಇತಿಹಾಸವಿದೆ. ಅಮೆರಿಕದಲ್ಲಿ ಲೂಯಿ ಕಾನ್ ಎಂಬ ವಾಸ್ತುಶಿಲ್ಪಿ ಇದ್ದ. ಅಹಮದಾಬಾದಿನ ಮ್ಯಾನೇಜ್‌ಮೆಂಟ್ ಸಂಸ್ಥೆಯ ಕಟ್ಟಡವೂ ಆತನದೇ. 1974ರಲ್ಲಿ ಅಹಮದಾಬಾದಿನಿಂದ ವಾಪಸ್ಸು ಹೋಗುತ್ತ ನ್ಯೂಯಾರ್ಕಿನ ರೈಲ್ವೆ ನಿಲ್ದಾಣದಲ್ಲಿ ಸತ್ತ. ಫಿಲಡೆಲ್ಫಿಯಾದಲ್ಲಿ ರಿಚರ್ಡ್ಸ್ ವೈದ್ಯಕೀಯ ಸಂಶೋಧನಾಲಯ ಕಟ್ಟುವಾಗ ಆತ ಕಟ್ಟಡದ ಜಾಗವನ್ನು ಎರಡಾಗಿ ಒಡೆದ. ಒಂದು, ಸೇವೆ ಪಡೆಯುವ ಜಾಗ; ವಿಜ್ಞಾನಿಗಳು ಕೆಲಸ ಮಾಡುವ ಪ್ರಯೋಗಾಲಯ. ಇನ್ನೊಂದು, ಸೇವಕ ಜಾಗ. ಕೊಳವೆ, ಕೆಟ್ಟ ಗಾಳಿ ಹೊರಗೆ ಹಾಕುವ ಗೂಡು, ಮೆಟ್ಟಿಲು. ಸೇವಕ ಜಾಗಗಳನ್ನು ಒಳಗೆ ಬಚ್ಚಿಡದೆ ಇಟ್ಟಿಗೆಯ ಗೋಪುರಗಳನ್ನಾಗಿ ಹೊರಗೆ ನಿಲ್ಲಿಸಿದ. ಲೋಕವೆಲ್ಲ ಕೊಂಡಾಡಿತು. ಒಳಗಿದ್ದ ವಿಜ್ಞಾನಿಗಳು ಮಾತ್ರ ಬಿಸಿಲಿನ ಝಳ ತಡೆಯಲಾರದೆ ಕಿಟಕಿಗೆ ಕಾಗದ ಅಂಟಿಸಿಕೊಂಡರು, ಆ ಮಾತು ಬೇರೆ.

ಆತ ಕಲಿತ. ಪೋಲಿಯೋ ಲಸಿಕೆಯ ಜೋನಾಸ್ ಸಾಲ್ಕ್ ಕ್ಯಾಲಿಫೋರ್ನಿಯಾದ ಸಮುದ್ರದಂಡೆಯಲ್ಲಿ ಸಂಶೋಧನಾ ಕೇಂದ್ರ ಕಟ್ಟಿಸಿದಾಗ, 1965ರಲ್ಲಿ ಮುಗಿದ ಆ ಕಟ್ಟಡದಲ್ಲಿ ಕಾನ್ ಪ್ರತಿ ಪ್ರಯೋಗಾಲಯದ ಅಂತಸ್ತಿನ ಮೇಲೆ ಕೊಳವೆಗಳಿಗೆಂದೇ ಒಂದು ಪೂರಾ ಅಂತಸ್ತು ಬಿಟ್ಟ. ರಿಪೇರಿ ಮಾಡುವವನು ಬಗ್ಗಬೇಕಿಲ್ಲ, ತೆವಳಬೇಕಿಲ್ಲ, ನೆಟ್ಟಗೆ ನಿಂತು ನಡೆದಾಡಿ ಕೆಲಸ ಮಾಡಬಹುದು. ಕೆಳಗಿನ ಪ್ರಯೋಗವೂ ನಿಲ್ಲುವುದಿಲ್ಲ.

ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಇದನ್ನು ಪಾಠ ಹೇಳುತ್ತಾರೆ. ಹೇಳಲಿ. ಆದರೆ ಕಾನ್ ಸೇವಕ ಎಂದದ್ದು ಕೊಳವೆಗೆ. ನಮ್ಮವರಿಗೆ ಸೇವಕ ಎಂದ ಕೂಡಲೇ ಮನುಷ್ಯ ನೆನಪಾಗುತ್ತಾನೆ, ಅವನ ಜಾತಿ ನೆನಪಾಗುತ್ತದೆ. ಅಲ್ಲಿ ಕೊಳವೆಗೆ ಒಂದು ಅಂತಸ್ತು. ಇಲ್ಲಿ ಕೊಳವೆ ಬಿಡಿಸುವವಳಿಗೆ ಮೆಟ್ಟಿಲ ಕೆಳಗೆ ಜಾಗ. ಅಲ್ಲಿಯ ಕೊಳವೆಯಾಗಿ ಹುಟ್ಟಿದ್ದರೂ ಚೆನ್ನಾಗಿತ್ತು ಎಂದು ನಮ್ಮ ಗಾರೆಯ ಗೆಳೆಯ ಹೇಳಿದ್ದು ತಮಾಷೆಗಲ್ಲ.

ಇಲ್ಲಿಗೆ ಬಂದಾಗ ವಿದ್ಯಾವಂತರು ಕೈಯೆತ್ತುತ್ತಾರೆ. ಸ್ವಾಮಿ, ಎಲ್ಲದಕ್ಕೂ ಜಾತಿ ತರಬೇಡಿ. ಕೊಳಕು ಬಟ್ಟೆ, ರಕ್ತದ ಹತ್ತಿ, ಕತ್ತರಿಸಿದ ಅಂಗ, ಇವು ಹೋಗುವ ದಾರಿ ಬೇರೆ, ಶುದ್ಧ ಮಾಡಿದ ಉಪಕರಣ ಬರುವ ದಾರಿ ಬೇರೆ ಇರಲೇಬೇಕು. ಇದು ವಿಜ್ಞಾನ, ಮಡಿ ಮೈಲಿಗೆ ಅಲ್ಲ.

ಒಪ್ಪುತ್ತೇವೆ. ಮನಸಾರೆ ಒಪ್ಪುತ್ತೇವೆ. ನಂಜು ತಗುಲಿ ಸಾಯುವವರಲ್ಲಿ ಮೊದಲು ನಮ್ಮವರೇ ಇರುವುದರಿಂದ ಈ ವಿಜ್ಞಾನ ನಮಗೆ ನಿಮಗಿಂತ ಹೆಚ್ಚು ಬೇಕು. ಆದರೆ ಆ ವಿಜ್ಞಾನ ಹುಟ್ಟಿದ ಕತೆಯನ್ನೂ ಸ್ವಲ್ಪ ಕೇಳಿ. 1840ರ ದಶಕದಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡುಗಳಿದ್ದವು. ಒಂದರಲ್ಲಿ ಡಾಕ್ಟರಿಕೆ ಓದುವ ಹುಡುಗರು ಹೆರಿಗೆ ಮಾಡಿಸುತ್ತಿದ್ದರು, ಇನ್ನೊಂದರಲ್ಲಿ ಸೂಲಗಿತ್ತಿಯರು. ಸೂಲಗಿತ್ತಿಯರ ವಾರ್ಡಿಗಿಂತ ಡಾಕ್ಟರುಗಳ ವಾರ್ಡಿನಲ್ಲಿ ಬಾಣಂತಿಯರು ಹೆಚ್ಚು ಸಾಯುತ್ತಿದ್ದರು. ಯಾಕೆ? ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ಡಾಕ್ಟರು ಕಂಡುಹಿಡಿದ: ಪಂಡಿತರು ಶವ ಕುಯ್ಯುವ ಕೋಣೆಯಿಂದ ನೇರ ಹೆರಿಗೆ ಕೋಣೆಗೆ ಬರುತ್ತಿದ್ದರು, ಸಾವು ಅವರ ಕೈಗೆ ಅಂಟಿಕೊಂಡು ಬರುತ್ತಿತ್ತು. 1847ರಲ್ಲಿ ಕ್ಲೋರಿನ್ ನೀರಿನಲ್ಲಿ ಕೈ ತೊಳೆದು ಬನ್ನಿ ಎಂದ. ಸಾವು ಇಳಿಯಿತು. ಆದರೆ ದೊಡ್ಡ ಡಾಕ್ಟರುಗಳಿಗೆ ಸಿಟ್ಟು ಬಂತು. ತಮ್ಮಂಥವರ ಕೈ ಕೊಳಕು ಎನ್ನುವುದೆಂದರೇನು?

ನಮ್ಮ ಹಲವು ಊರುಗಳಲ್ಲಿ ಹೊಕ್ಕುಳಬಳ್ಳಿ ಕತ್ತರಿಸಿದ್ದು ನಮ್ಮ ಅಜ್ಜಿಯರು. ಹೆರಿಗೆ ಮಾಡಿಸುವ ತನಕ ತಾಯಿ, ಮುಗಿದ ಮೇಲೆ ಮೈಲಿಗೆ. ಅವರು ತುಳಿದ ಜಾಗಕ್ಕೆ ಗಂಜಲ. ವಿಯೆನ್ನಾದಲ್ಲಿ ಸೂಲಗಿತ್ತಿಯ ಕೈಯೇ ಶುದ್ಧ, ಪಂಡಿತನ ಕೈಯೇ ಮೈಲಿಗೆ ಎಂದು ಲೆಕ್ಕ ಹಾಕಿ ತೋರಿಸಿದ ಮೇಲೂ ಲೋಕಕ್ಕೆ ಬುದ್ಧಿ ಬರಲು ದಶಕಗಳು ಬೇಕಾದವು. ಇಲ್ಲಿ ಇನ್ನೂ ಬಂದಿಲ್ಲ.

ವಿಜ್ಞಾನಕ್ಕೂ ಮಡಿಗೂ ಇರುವ ವ್ಯತ್ಯಾಸ ಹಿಡಿಯಲು ದೊಡ್ಡ ಓದು ಬೇಕಿಲ್ಲ. ವಿಜ್ಞಾನ ವಸ್ತುವನ್ನು ಬೇರೆ ಇಡುತ್ತದೆ, ಮಡಿ ಮನುಷ್ಯನನ್ನು ಬೇರೆ ಇಡುತ್ತದೆ. ರಕ್ತದ ಚೀಲ ಹಿಂದಿನ ದಾರಿಯಲ್ಲಿ ಹೋಗಲಿ. ಅದನ್ನು ಇಟ್ಟು, ಸಾಬೂನು ಹಾಕಿ ಕೈ ತೊಳೆದು, ಬಟ್ಟೆ ಬದಲಿಸಿದ ಹೆಂಗಸು ಮುಂಬಾಗಿಲಿನಿಂದ ಬಂದು ಡಾಕ್ಟರು ನರ್ಸುಗಳು ಕೂರುವ ಕೋಣೆಯಲ್ಲಿ ಕೂತು ಊಟ ಮಾಡಲು ಯಾವ ರೋಗಾಣು ಅಡ್ಡ ಬರುತ್ತದೆ? ಅದೇ ರಕ್ತದಲ್ಲಿ ಮೊಣಕೈ ತನಕ ಅದ್ದಿದ ಸರ್ಜನ್ ಕೈ ತೊಳೆದು ಬಂದು ಅಲ್ಲಿ ಕೂರುತ್ತಾನಲ್ಲ! ವೈದ್ಯಕೀಯ ತ್ಯಾಜ್ಯಕ್ಕೆ 1998ರಲ್ಲೇ ನಿಯಮ ಬಂತು, 2016ರಲ್ಲಿ ಹೊಸದಾಗಿ ಬರೆದರು. ಹಳದಿ, ಕೆಂಪು, ಬಿಳಿ, ನೀಲಿ, ಕಸಕ್ಕೆ ನಾಲ್ಕು ವರ್ಣ ಮಾಡಿದ್ದಾರೆ. ಆ ನಾಲ್ಕನ್ನೂ ಹೊರುವವಳು ಮಾತ್ರ ಐದನೆಯವಳು.

ಶವಾಗಾರದ ಮಾತು ಹೇಳಲೇಬೇಕು. ತಾಲ್ಲೂಕು ಮಟ್ಟದಲ್ಲಿ ನಾವು ನೋಡಿದ ಶವಾಗಾರಗಳಲ್ಲಿ ಬಹುಪಾಲು ಕಡೆ ದೇಹ ಕುಯ್ಯುವವನು ನಮ್ಮವನು, ಬಾಗಿಲ ಹತ್ತಿರ ಮೂಗಿಗೆ ಕರ್ಚೀಪು ಹಿಡಿದು ನಿಂತು ಬರೆಯುವವರು ಡಾಕ್ಟರು. ನಲ್ಲಿಯಲ್ಲಿ ನೀರಿಲ್ಲ, ಗಾಳಿ ಎಳೆಯುವ ಫ್ಯಾನು ಕೆಟ್ಟು ಯಾವ ಕಾಲವಾಯಿತೋ. ಕುಡಿಯದೆ ಈ ಕೆಲಸ ಆಗಲ್ಲ ಎಂದು ಒಬ್ಬ ಅಣ್ಣ ಹೇಳಿದಾಗ ನಮಗೆ ಬಾಯಿ ಬರಲಿಲ್ಲ. ಒಂದು ಎಕ್ಸಾಸ್ಟ್ ಫ್ಯಾನು, ಒಂದು ಓಡುವ ನೀರಿನ ನಲ್ಲಿ, ಇಳಿಜಾರಾದ ನೆಲ, ಸ್ನಾನಕ್ಕೆ ಒಂದು ಬಚ್ಚಲು. ಇವಿಷ್ಟು ನಕ್ಷೆಯಲ್ಲಿ ಇದ್ದಿದ್ದರೆ ಆತ ಎಷ್ಟು ಬಾಟಲಿ ಕಡಿಮೆ ಕುಡಿಯುತ್ತಿದ್ದ ಎಂಬ ಲೆಕ್ಕವನ್ನು ಮದ್ಯಪಾನ ಸಂಯಮದ ಭಾಷಣಕಾರರು ಹಾಕಲಿ.

ನೆಲದ ಕೆಳಗೂ ಇದೇ ಕತೆ. 2013ರ ಕಾಯ್ದೆ ಸುರಕ್ಷತೆಯಿಲ್ಲದೆ ಮನುಷ್ಯನನ್ನು ಮಲಗುಂಡಿಗೆ, ಒಳಚರಂಡಿಗೆ ಇಳಿಸುವುದನ್ನು ಅಪರಾಧ ಎಂದಿದೆ. 2014ರ ಮಾರ್ಚ್ 27ರಂದು ಸುಪ್ರೀಂ ಕೋರ್ಟು 1993ರಿಂದ ಹೀಗೆ ಸತ್ತವರ ಮನೆಯವರಿಗೆ ತಲಾ 10 ಲಕ್ಷ ಕೊಡಿ ಎಂದಿತು, 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಸಾವಿನ ರೇಟು ಏರಿತು, ಗುಂಡಿಯ ನಕ್ಷೆ ಬದಲಾಗಲಿಲ್ಲ. ಗುಂಡಿಯನ್ನು ಕಟ್ಟಡದ ಹೊಟ್ಟೆಯೊಳಗೆ ಇಡುತ್ತಾರೆ, ಹೀರುವ ಗಾಡಿ ಹತ್ತಿರ ಬರಲು ದಾರಿ ಇಡುವುದಿಲ್ಲ, ಮುಚ್ಚಳದ ಬಾಯಿ ಮನುಷ್ಯ ಇಳಿಯುವ ಅಳತೆಗೆ ಸರಿಯಾಗಿ ಇರುತ್ತದೆ. ಗಾಡಿ ಬಾರದ ಕಡೆ ಯಾರು ಇಳಿಯಬೇಕು ಎಂಬುದು ಗೆರೆ ಎಳೆದವನಿಗೆ ಗೊತ್ತಿಲ್ಲವೇ? ಸತ್ತಾಗ ಕಂಟ್ರಾಕ್ಟರನ ಮೇಲೆ ಕೇಸು. ನಕ್ಷೆಗೆ ರುಜು ಹಾಕಿದವನು ಬಡ್ತಿ ಪಡೆದು ಬೇರೆ ಊರಿನಲ್ಲಿರುತ್ತಾನೆ.

ಪಾಠದ ಪುಸ್ತಕದಲ್ಲಿ ನಮ್ಮ ಮಕ್ಕಳಿಗೆ ದೀಪ ಹಿಡಿದ ನೈಟಿಂಗೇಲ್ ಗೊತ್ತು. ಕ್ರಿಮಿಯಾ ಯುದ್ಧದಲ್ಲಿ ಸ್ಕುಟಾರಿಯ ಆಸ್ಪತ್ರೆ ಕಟ್ಟಿಹೋದ ಚರಂಡಿಗಳ ಮೇಲೆ ಕೂತಿತ್ತು. 1855ರಲ್ಲಿ ನೈರ್ಮಲ್ಯ ಆಯೋಗದವರು ಬಂದು ಆ ಚರಂಡಿ ತೊಳೆಸಿ, ಗಾಳಿ ಬಿಡಿಸಿದ ಮೇಲೆ ಸೈನಿಕರ ಸಾವು ಧಡಕ್ಕನೆ ಇಳಿಯಿತು. ದೀಪ ಪಾಠದಲ್ಲಿದೆ, ಚರಂಡಿ ಇಲ್ಲ. ನೈಟಿಂಗೇಲರಿಗೆ ಮಾತ್ರ ಅದು ಗೊತ್ತಿತ್ತು. ಊರಿಗೆ ಮರಳಿ 1859ರಲ್ಲಿ ಅವರು ಬರೆದ ಆಸ್ಪತ್ರೆಯ ಪುಸ್ತಕದ ತುಂಬ ಕಿಟಕಿ, ಗಾಳಿ, ಮಂಚಗಳ ನಡುವಿನ ದೂರ, ಚರಂಡಿ. ಎದುರುಬದುರು ಕಿಟಕಿಗಳ ಉದ್ದನೆಯ ವಾರ್ಡು ಅಲ್ಲಿಂದ ಲೋಕವೆಲ್ಲ ಹಬ್ಬಿತು. 1900ರಲ್ಲಿ ಕರ್ಜನ್ ಬಂದು ತೆರೆದ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯೂ ಎತ್ತರದ ಸೂರು, ದೊಡ್ಡ ಕಿಟಕಿಯ ಆ ಕಾಲಕ್ಕೇ ಸೇರಿದ್ದು. ಬಿಳಿಯರ ಗುಣಗಾನ ಮಾಡಲು ಹೇಳುತ್ತಿಲ್ಲ. ಕ್ಷಯ ಬಡವರ ರೋಗ, ಗಾಳಿಯಲ್ಲಿ ಹರಡುವ ರೋಗ, ಗಾಳಿಯೇ ಅದಕ್ಕೆ ತಡೆ. ಪೆರು ದೇಶದ ಲಿಮಾದಲ್ಲಿ ಎಂಟು ಆಸ್ಪತ್ರೆಗಳಲ್ಲಿ ಗಾಳಿಯ ಓಡಾಟ ಅಳೆದು 2007ರಲ್ಲಿ ಪ್ರಕಟಿಸಿದರು. ಕಿಟಕಿ ಬಾಗಿಲು ತೆರೆದರೆ ಗಂಟೆಗೆ 28 ಸಲ ಕೋಣೆಯ ಗಾಳಿ ಬದಲಾಗುತ್ತದೆ, ಯಂತ್ರದ ಕೋಣೆಗೆ ಹೇಳಿದ ಲೆಕ್ಕ 12. ಐವತ್ತು ವರ್ಷಕ್ಕಿಂತ ಹಳೆಯ, ಎತ್ತರದ ಸೂರಿನ ಕಟ್ಟಡಗಳಲ್ಲಿ 40, ಹೊಸ ಕಟ್ಟಡಗಳಲ್ಲಿ 17. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಒಬ್ಬೊಬ್ಬ ರೋಗಿಗೆ ಸೆಕೆಂಡಿಗೆ 60 ಲೀಟರ್ ಗಾಳಿ ಸಾಮಾನ್ಯ ವಾರ್ಡಿಗೂ ಬೇಕು, ಗಾಳಿಯಿಂದ ಹರಡುವ ರೋಗದ ಕೋಣೆಗೆ 160 ಬೇಕು ಎಂದು ಬರೆಯಿತು. ಇಷ್ಟೆಲ್ಲ ಗೊತ್ತಿದ್ದೂ ನಮ್ಮ ಹೊಸ ನಕ್ಷೆಯಲ್ಲಿ ಹೊರರೋಗಿಗಳು ಸಾಲು ನಿಲ್ಲುವ ಜಾಗ ಕಟ್ಟಡದ ನಟ್ಟನಡುವೆ, ಕೆಳಗಿಳಿಸಿದ ಸೀಲಿಂಗಿನ ಅಡಿ, ಒಂದು ಕಿಟಕಿಯಿಲ್ಲದೆ ಇದೆ. ಕಿಟಕಿಯ ಗೋಡೆಗಳೆಲ್ಲ ಅಧಿಕಾರಿಗಳ ಕೋಣೆಗೆ ಹೋಗಿವೆ. ಏರ್ ಕಂಡೀಷನ್ ಹಾಕ್ತೀವಿ ಅಂತಾರೆ. ಕರೆಂಟು ಹೋದಾಗ ಕೆಮ್ಮುವವರು ಒಬ್ಬರ ಕೆಮ್ಮನ್ನು ಒಬ್ಬರು ಹಂಚಿಕೊಂಡು ಕುಡಿಯಬೇಕು. 2020ರಲ್ಲಿ ಚಪ್ಪಾಳೆ ತಟ್ಟಿಸಿ, ತಟ್ಟೆ ಬಾರಿಸಿ ಕಲಿತದ್ದು ಇಷ್ಟೇನೇನೋ.

ಊರಿನ ಮಟ್ಟಕ್ಕೆ ಬರೋಣ. 1946ರಲ್ಲಿ ಭೋರ್ ಸಮಿತಿ ಹಳ್ಳಿಗೆ ವೈದ್ಯ ಹೋಗಬೇಕು ಎಂದಿತು, 1952ರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬಂದವು. ಬಯಲು ಸೀಮೆಯಲ್ಲಿ 30,000 ಜನಕ್ಕೆ ಒಂದು ಕೇಂದ್ರ, 5,000 ಜನಕ್ಕೆ ಒಂದು ಉಪಕೇಂದ್ರ ಎಂದು ಲೆಕ್ಕ. ಲೆಕ್ಕದಲ್ಲಿ ಜನ ಇದ್ದಾರೆ, ಬೀದಿ ಇಲ್ಲ. ಉಪಕೇಂದ್ರ ಯಾವ ಬೀದಿಯಲ್ಲಿ ಎಂದು ತೀರ್ಮಾನ ಮಾಡುವವರು ಊರ ಯಜಮಾನರು. ಜಾಗ ದಾನ ಕೊಟ್ಟವನ ಹೆಸರು ಕಲ್ಲಿನ ಮೇಲೆ, ಉಪಕೇಂದ್ರ ಅವನ ಮನೆಯ ಮಗ್ಗುಲಲ್ಲಿ, ಪಕ್ಕದಲ್ಲೇ ನಮ್ಮವರು ಹತ್ತದ ಗುಡಿಯ ಜಗಲಿ. ಕೇರಿಯ ಬಸುರಿ ಅಷ್ಟೂ ಮನೆಗಳ ಕಣ್ಣು ದಾಟಿ ಅಲ್ಲಿಗೆ ಹೋಗಬೇಕು. 11 ರಾಜ್ಯಗಳ 565 ಹಳ್ಳಿಗಳನ್ನು ನೋಡಿ ಘನಶ್ಯಾಮ್ ಷಾ ಮತ್ತು ಗೆಳೆಯರು 2006ರಲ್ಲಿ ಪುಸ್ತಕ ತಂದರು: ಮೂರರಲ್ಲಿ ಒಂದು ಹಳ್ಳಿಯಲ್ಲಿ ಆರೋಗ್ಯ ಕಾರ್ಯಕರ್ತರು ದಲಿತರ ಮನೆಗೆ ಕಾಲಿಡುವುದಿಲ್ಲ. ಥರ್ಮಾಮೀಟರು ಇನ್ನೂ ನಡೆಯುತ್ತಲೇ ಇದೆ.

ನಾವು ಕೇಳುವುದು ಉಲ್ಟಾ. ಉಪಕೇಂದ್ರ ಕೇರಿಯಲ್ಲಿ ಕಟ್ಟಿ. ಊರಿನ ಬಾಣಂತಿ ಚುಚ್ಚುಮದ್ದಿಗೆ ಕೇರಿಗೆ ಬರಲಿ. ಈ ಮಾತನ್ನು ಗ್ರಾಮಸಭೆಯಲ್ಲಿ ಆಡಿ ನೋಡಿದೆವು. ಅಷ್ಟು ಹೊತ್ತೂ ಮೂಲಭೂತ ಸೌಕರ್ಯದ ಬಗ್ಗೆ ಮಾತಾಡುತ್ತಿದ್ದವರು ಸುಮ್ಮನಾದರು. ಆಮೇಲೆ ಒಬ್ಬರು, 'ಆ ಕಡೆ ನೀರು ನಿಲ್ತದೆ, ಸರ್ಕಾರದ ರೂಲ್ಸಿನಲ್ಲೇ ನೀರು ನಿಲ್ಲೋ ಕಡೆ, ಕಸದ ಹತ್ರ ಕಟ್ಟಬಾರದು ಅಂತದೆ' ಎಂದರು. ರೂಲ್ಸಿನಲ್ಲಿ ಇರುವುದು ನಿಜ. ನೀರು ನಿಲ್ಲುವ ಕಡೆ ಆಸ್ಪತ್ರೆ ಬೇಡ, ಮನುಷ್ಯರು ಇರಬಹುದು! ಕೇರಿಗೆ ನೀರು ಹರಿದು ಬಂದು ನಿಂತದ್ದು ಯಾರ ಬೀದಿಯ ಚರಂಡಿಯಿಂದ ಎಂದು ನಾವು ಕೇಳಿದ್ದನ್ನು ನಡಾವಳಿಯಲ್ಲಿ ಬರೆದುಕೊಳ್ಳಲಿಲ್ಲ.

ಇಷ್ಟು ಹೇಳಿದ ಮೇಲೆ, ಬೇರೆ ಥರ ಕಟ್ಟಲು ಆಗುವುದೇ ಇಲ್ಲವೇ ಎಂದು ಕೇಳಬಹುದು. ಆಗುತ್ತದೆ, ಆಗಿದೆ. ಫಿನ್‌ಲ್ಯಾಂಡಿನ ಪೈಮಿಯೋದಲ್ಲಿ ಆಲ್ವಾರ್ ಆಲ್ಟೋ 1933ರಲ್ಲಿ ಕ್ಷಯದ ಆಸ್ಪತ್ರೆ ಕಟ್ಟಿ ಮುಗಿಸಿದ. ರೋಗಿ ಮಲಗಿಯೇ ಇರುತ್ತಾನೆ, ಅವನ ಲೋಕ ಸೂರು ಎಂದು ಸೂರಿನ ಬಣ್ಣ ಯೋಚಿಸಿದ. ಪಕ್ಕದವನ ನಿದ್ದೆ ಕೆಡದಂತೆ ಸದ್ದಿಲ್ಲದೆ ನೀರು ಬೀಳುವ ಬೇಸಿನ್ನು ಮಾಡಿಸಿದ. ಬಟ್ಟೆಯ ಬೀರುವನ್ನು ನೆಲಕ್ಕೆ ಊರದೆ ಗೋಡೆಗೆ ತೂಗುಹಾಕಿದ, ಕೆಳಗೆ ಒರೆಸಲು ಸಲೀಸಾಗಲಿ ಎಂದು. ಒರೆಸುವ ಬಟ್ಟೆ ಎಲ್ಲಿಯ ತನಕ ಹೋಗುತ್ತದೆ ಎಂದು ಯೋಚಿಸಿದ ಒಬ್ಬ ವಾಸ್ತುಶಿಲ್ಪಿ! ನಮ್ಮಲ್ಲಿ ಶೌಚಾಲಯದ ಕಮೋಡಿನ ಹಿಂದೆ ಕೈ ಹೋಗದ ಸಂದಿ ಬಿಟ್ಟಿರುತ್ತಾರೆ, ಅಲ್ಲಿ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜುತ್ತೀನಿ ಎಂದು ಆ ಅಕ್ಕ ತೋರಿಸಿದರು.

ಫಿನ್‌ಲ್ಯಾಂಡು ಶ್ರೀಮಂತರದು ಎನ್ನುವವರಿಗೆ ರುವಾಂಡಾ ಇದೆ. 1994ರ ನರಮೇಧದಲ್ಲಿ ಸುಟ್ಟುಹೋದ ನಾಡು. ಅಲ್ಲಿಯ ಬುಟಾರೋದಲ್ಲಿ 2011ರಲ್ಲಿ ತೆರೆದ ಆಸ್ಪತ್ರೆಯಲ್ಲಿ ಒಳಗಿನ ಓಣಿಗಳನ್ನೇ ತೆಗೆದುಹಾಕಿ ನಡೆಯುವ ದಾರಿಯನ್ನು ಹೊರಗಿನ ಪಡಸಾಲೆಗೆ ತಂದರು. ಜನ ಬಯಲ ಗಾಳಿಯಲ್ಲಿ ಕಾಯುತ್ತಾರೆ. ಹೊಲದಲ್ಲಿ ಬೇಡವೆಂದು ಬಿಸಾಡುತ್ತಿದ್ದ ಜ್ವಾಲಾಮುಖಿಯ ಕಲ್ಲನ್ನು ಸುತ್ತಮುತ್ತಲಿನವರೇ ಕೆತ್ತಿ ಗೋಡೆ ಎಬ್ಬಿಸಿದರು. ಕೂಲಿ ಊರಿನಲ್ಲೇ ಉಳಿಯಿತು.

ನಮ್ಮ ದೇಶಕ್ಕೆ 1945ರಲ್ಲಿ ಬಂದ ಲಾರಿ ಬೇಕರ್ ಮೊದಲು ಮಾಡಿದ ಕೆಲಸ ಕುಷ್ಠರೋಗಿಗಳನ್ನು ಕೂಡಿಹಾಕಿದ್ದ ಆಶ್ರಮಗಳನ್ನು ಆಸ್ಪತ್ರೆಗಳನ್ನಾಗಿ ಮಾಡುವುದು. ಮದ್ದು ಬಂದಿತ್ತು, ಗೋಡೆ ಬೇಕಿರಲಿಲ್ಲ. 1898ರ ಕುಷ್ಠರೋಗಿಗಳ ಕಾನೂನು ಬಡ ರೋಗಿಯನ್ನು ಹಿಡಿದು ಕೂಡಿಹಾಕಲು ಬರೆದದ್ದು, ದುಡ್ಡಿದ್ದವನು ಮನೆಯಲ್ಲೇ ಇರಬಹುದಿತ್ತು. ಅದನ್ನು ತೆಗೆದುಹಾಕಿದ್ದು 2016ರಲ್ಲಿ. ಮದ್ದು ಬಂದು ಏಳು ದಶಕವಾದ ಮೇಲೆ.

ಈಗ ನಮ್ಮವರಿಗೆ ಒಂದು ಮಾತು, ಸಿಟ್ಟಾದರೆ ಆಗಲಿ. ಹೊಸ ಆಸ್ಪತ್ರೆಯ ವಿಷಯದಲ್ಲಿ ನಮ್ಮ ತಾಲ್ಲೂಕಿನ ಮುಖಂಡರು ಕೊಟ್ಟ ಮನವಿಯಲ್ಲಿ ಇದ್ದದ್ದು ಎರಡೇ ಬೇಡಿಕೆ. ಕಟ್ಟಡಕ್ಕೆ ಬಾಬಾಸಾಹೇಬರ ಹೆಸರಿಡಬೇಕು, ಮುಂದೆ ಪ್ರತಿಮೆ ನಿಲ್ಲಿಸಬೇಕು. ಇಡಲಿ, ನಿಲ್ಲಿಸಲಿ. ಬೆರಳೆತ್ತಿ ನಿಂತ ಬಾಬಾಸಾಹೇಬರ ಬೆನ್ನ ಹಿಂದೆ, ಮೆಟ್ಟಿಲ ಕೆಳಗೆ, ನಮ್ಮ ಅಕ್ಕ ಬುತ್ತಿ ಬಿಚ್ಚುತ್ತಿದ್ದರೆ ಆ ಬೆರಳು ಎತ್ತ ತೋರಿಸುತ್ತಿದೆ ಎಂದು ಮುಖಂಡರು ಹೇಳಬೇಕು. ಮನವಿಗೆ ರುಜು ಹಾಕಿದವರಲ್ಲಿ ಇಬ್ಬರು ಹೌಸ್‌ಕೀಪಿಂಗ್ ಗುತ್ತಿಗೆ ಹಿಡಿದವರೂ ಇದ್ದಾರೆ. ಹೆಸರು ಬರೆಯುವುದಿಲ್ಲ, ಅವರಿಗೆ ಗೊತ್ತು.

ನಾವು ಬೇರೆ ಮನವಿ ಬರೆದಿದ್ದೇವೆ. ಆಸ್ಪತ್ರೆಯೊಳಗೆ ದುಡಿಯುವವರು ಯಾರ ಪಟ್ಟಿಯಲ್ಲಿದ್ದರೂ ಅವರ ತಲೆಯೆಣಿಕೆ ಮಾಡಿ ಜಾಗ ಕೊಡಬೇಕು. ಕಿಟಕಿಯಿರುವ ಕೋಣೆ, ಬೀಗದ ಬೀರು, ಬಿಸಿನೀರಿನ ಬಚ್ಚಲು, ಹೆಂಗಸರಿಗೆ ಬೇರೆ. ಊಟದ ಕೋಣೆ ಮಾತ್ರ ಎಲ್ಲರಿಗೂ ಒಂದೇ. ಹೊರರೋಗಿಗಳ ಸಾಲು ಹೊರ ಪಡಸಾಲೆಗೆ ಬರಲಿ. ಜೊತೆಗಾರರು ಕಾರಿಡಾರಿನಲ್ಲಿ ಪೇಪರು ಹಾಸಿ ಮಲಗದಂತೆ ಒಂದು ಹಜಾರ. ಮಲಗುಂಡಿಯ ಹತ್ತಿರ ಹೀರುವ ಗಾಡಿ ಬರುವಷ್ಟು ದಾರಿ. ಶವಾಗಾರಕ್ಕೆ ನೀರು ಮತ್ತು ಗಾಳಿ. ನಕ್ಷೆಗೆ ರುಜು ಬೀಳುವ ಮೊದಲು ಅದನ್ನು ಗುಡಿಸುವವರ, ಒರೆಸುವವರ ಮುಂದೆ ಹರಡಿ ಕೇಳಬೇಕು. ಇಂಜಿನಿಯರರು ಮನವಿ ಓದಿ, 'ಚದರಡಿ ಹೆಚ್ಚಾಗ್ತದೆ, ಎಸ್ಟಿಮೇಟು ಮೀರ್ತದೆ' ಎಂದರು. ಗಾರೆಯ ಗೆಳೆಯ ಅಲ್ಲೇ ಪೆನ್ಸಿಲು ತೆಗೆದು ಕಾರಿನ ಶೆಡ್ಡಿನ ಅಳತೆ ಕೂಡಿಸಿ ತೋರಿಸಿದ. ಅಷ್ಟರಲ್ಲೇ ಕೋಣೆಯೂ ಆಗುತ್ತದೆ, ಬಚ್ಚಲೂ ಆಗುತ್ತದೆ. ಕಾಂಕ್ರೀಟು ಬೀಳುವ ತನಕ ಗೆರೆ ಅಳಿಸಬಹುದು, ಬಿದ್ದ ಮೇಲೆ ಮೂರು ತಲೆಮಾರಿಗೆ ಅದೇ ಗತಿ. ಬುನಾದಿ ಇನ್ನೂ ತೆಗೆದಿಲ್ಲ.

ಈ ಪತ್ರಿಕೆ ಓದುವ ಮೇಷ್ಟ್ರುಗಳಲ್ಲಿ, ವಿದ್ಯಾರ್ಥಿಗಳಲ್ಲಿ ಒಂದು ಕೇಳಿಕೆ. ನಿಮ್ಮ ಊರಿನ ಆಸ್ಪತ್ರೆಗೆ ಒಂದು ಟೇಪು ತೆಗೆದುಕೊಂಡು ಹೋಗಿ. ಹಿಂಬಾಗಿಲಿನಿಂದ ಒಳಗೆ ಹೋಗಿ, ಗುಡಿಸುವವರನ್ನು ಎಲ್ಲಿ ಊಟ ಮಾಡ್ತೀರಿ ಅಂತ ಕೇಳಿ, ಅವರ ಒಪ್ಪಿಗೆ ಪಡೆದು ಆ ಜಾಗದ ಉದ್ದ, ಅಗಲ, ಎತ್ತರ ಅಳೆದು ಬರೆದು ಕಳಿಸಿ. ಅವರ ಹೆಸರು ಬೇಡ, ಕೆಲಸ ಹೋದೀತು. ಬಂದ ಅಳತೆಗಳನ್ನೆಲ್ಲ ಮುಂದಿನ ಸಂಚಿಕೆಗಳಲ್ಲಿ ಹಾಕುತ್ತೇವೆ. ಮೊದಲನೆಯದು ನಮ್ಮ ತಾಲ್ಲೂಕಿನದು: ಉದ್ದ ಆರೂವರೆ ಅಡಿ, ಅಗಲ ಮೂರು ಮುಕ್ಕಾಲು ಅಡಿ, ಎತ್ತರ ಒಂದು ತುದಿಯಲ್ಲಿ ಐದಡಿ, ಇನ್ನೊಂದು ತುದಿಯಲ್ಲಿ ಸೊನ್ನೆ. ಕಿಟಕಿ ಇಲ್ಲ.